ಯಡಹಳ್ಳಿ ಚಿಗರಿ ನೋಡಲು ಎಂಟು ಪಟ್ಟು ಸಾಕು: ನಿಕಾನ್ ಪ್ರೋಸ್ಟಾಫ್ ಪಿ3 8×42 ದುರ್ಬೀನು

ಮಿರಗ (ಮೃಗಶಿರ ಮಳೆ) ಕೂಡಲು ಹದಿನೈದು ದಿನ ಬಾಕಿ ಇರುವಾಗ, ಅಂದರೆ ಮೇ ಕೊನೆಯ ವಾರ, ಬಾಗಲಕೋಟೆ ಜಿಲ್ಲೆಯ ಒಳದಾರಿಗಳಲ್ಲಿ ಕಾಡುಪ್ರಾಣಿ ನೋಡಲು ವರ್ಷದಲ್ಲೇ ಒಳ್ಳೆಯ ಹೊತ್ತು. ಹೊಲಗಳು ಬರಿದಾಗಿರುತ್ತವೆ. ಹುಲ್ಲು ಒಣಗಿ ನೆಲ ಕಚ್ಚಿರುತ್ತದೆ. ಕಂಟಿಗಳ ಎಲೆ ಉದುರಿ ನಡುವೆ ದೂರದವರೆಗೆ ಕಣ್ಣು ಹಾಯುತ್ತದೆ. ಹಳ್ಳದ ನೀರು ಒಂದೆರಡು ಗುಂಡಿಗೆ ಇಳಿದಿರುವುದರಿಂದ ಹಕ್ಕಿಗಳು ಬಾಯಾರಿದರೆ ಅಲ್ಲಿಗೇ ಬರಬೇಕು. ಆದರೆ ದುರ್ಬೀನಿಗೆ ಇದೇ ವಾರ ವರ್ಷದ ಕಷ್ಟದ ಹೊತ್ತು. ಒಂಬತ್ತೂವರೆ ಆಗುತ್ತಿದ್ದಂತೆ ಎರಿ ಹೊಲದ ಮೇಲೆ ಬಿಸಿಲ್ಗುದುರೆ ಏಳುತ್ತದೆ, ಗಾಳಿಯ ತುಂಬ ಧೂಳು, ಹಣೆಯ ಬೆವರು ಕಣ್ಣಿನ ಗಾಜಿಗೇ ಇಳಿಯುತ್ತದೆ. ಈ ವಾರದಲ್ಲಿ ಕೆಲಸ ಕೊಟ್ಟ ದುರ್ಬೀನು ಉಳಿದ ಹನ್ನೊಂದು ತಿಂಗಳೂ ಕೊಡುತ್ತದೆ. ಹಾಗಾಗಿ ನಿಕಾನ್ ಪ್ರೋಸ್ಟಾಫ್ ಪಿ3 8×42 ಅನ್ನು ಇಲ್ಲಿ ಒರೆಗೆ ಹಚ್ಚಿರುವುದು ಬಾಗಲಕೋಟೆಯಿಂದ ಅನಗವಾಡಿ, ಬೀಳಗಿ, ಯಡಹಳ್ಳಿ ಕುರುಚಲು, ಮುಧೋಳ, ಲೋಕಾಪುರ, ಗದ್ದನಕೇರಿ ಕ್ರಾಸ್ ಮೇಲೆ ಹಾದು ಮತ್ತೆ ಆಲಮಟ್ಟಿ ಹಿನ್ನೀರಿಗೆ ಬರುವ ಒಂದು ದಿನದ ಸುತ್ತಿನ ಮೇಲೆ. ಅಲ್ಲಲ್ಲಿ ಸುತ್ತಾಡಿದ್ದೂ ಸೇರಿದರೆ ನೂರೈವತ್ತು ಕಿಲೋಮೀಟರಿನ ಆಸುಪಾಸು.

ಮೊದಲು ಅಂಕಿಗಳು. 8×42 ಎಂದರೆ ಎಂಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಒಂದು ಕಿಲೋಮೀಟರ್ ದೂರದಲ್ಲಿ 126 ಮೀಟರ್ ಅಗಲದ ನೋಟ ಸಿಗುತ್ತದೆ, ಅಂದರೆ 7.2 ಡಿಗ್ರಿ. ಕನ್ನಡಕದವರಿಗೆ ಬೇಕಾದ ಕಣ್ಣಿನ ಅಂತರ, ಅಂದರೆ ಗಾಜಿನಿಂದ ಕಣ್ಣು ಎಷ್ಟು ದೂರ ಇದ್ದರೂ ಪೂರ್ತಿ ನೋಟ ಸಿಗುತ್ತದೆ ಎಂಬುದು, 20.2 ಮಿಲಿಮೀಟರ್. ಮೂರು ಮೀಟರಿಗಿಂತ ಹತ್ತಿರದ್ದು ಸ್ಪಷ್ಟವಾಗುವುದಿಲ್ಲ. ಒಳಗೆ ನೈಟ್ರೋಜನ್ ತುಂಬಿದ್ದಾರೆ, ಒಂದು ಮೀಟರ್ ನೀರಿನಲ್ಲಿ ಹತ್ತು ನಿಮಿಷ ಇದ್ದರೂ ಒಳಗೆ ನೀರು ಹೋಗದಂತೆ ಕಟ್ಟಿದ್ದಾರೆ. ತೂಕ 570 ಗ್ರಾಮಿನ ಆಸುಪಾಸು.

ಈ ಸೀಮೆಗೆ ಬೇಕಾದದ್ದು ನೀರು ತಡೆಯುವ ಗುಣ ಎಂದರೆ ನಗು ಬರಬಹುದು. ನೀರು ಹೋಗದ ಸಂದಿಯಲ್ಲಿ ಧೂಳೂ ಹೋಗುವುದಿಲ್ಲ ಎನ್ನುವುದು ಇಲ್ಲಿಯ ಲೆಕ್ಕ. ಮೇ ತಿಂಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಪುಡಿಯಾದ ಹಾದಿಯಲ್ಲಿ ಮುಂದೊಂದು ಗಾಡಿ ಹೋದರೆ ಅರ್ಧ ಫರ್ಲಾಂಗು ಏನೂ ಕಾಣದು. ಆ ಧೂಳು ಫೋಕಸ್ ಚಕ್ರದ ಎಣ್ಣೆಗೆ ಸೇರಿದರೆ ಎರಡೇ ಬೇಸಿಗೆಗೆ ಚಕ್ರ ಗರಗರ ಎನ್ನಲು ಶುರುವಾಗುತ್ತದೆ. ಪಿ3ಯ ಚಕ್ರ ತಿರುಗಿದಾಗ ಒಳಗಿನ ಗಾಜು ಮಾತ್ರ ಸರಿಯುತ್ತದೆ, ಹೊರಗೆ ಏನೂ ಹೋಗಿಬರುವುದಿಲ್ಲ.

ಈಗ ಮುಖ್ಯ ಪ್ರಶ್ನೆ: ಎಂಟೇ ಏಕೆ, ಹತ್ತು ಅಥವಾ ಇಪ್ಪತ್ತು ಪಟ್ಟು ಏಕಲ್ಲ? ದುರ್ಬೀನು ಕೊಳ್ಳುವ ಹತ್ತರಲ್ಲಿ ಒಂಬತ್ತು ಜನ ಎಡವುವುದು ಇಲ್ಲಿಯೇ, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು.

ಬಿಸಿಲಿಗೆ ಕಾದ ನೆಲ ತನಗೆ ತಾಗಿದ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ತೆಳುವಾಗಿ ಮೇಲೇಳುತ್ತದೆ, ಮೇಲಿನ ತಂಪು ಗಾಳಿ ಕೆಳಗಿಳಿಯುತ್ತದೆ. ತೆಳು ಗಾಳಿಯಲ್ಲೂ ದಪ್ಪ ಗಾಳಿಯಲ್ಲೂ ಬೆಳಕು ಬಾಗುವ ಪ್ರಮಾಣ ಬೇರೆಬೇರೆ. ಹೀಗಾಗಿ ದೂರದ ಪ್ರಾಣಿಯಿಂದ ಬರುವ ಬೆಳಕು ದಾರಿಯುದ್ದಕ್ಕೂ ನೂರು ಕಡೆ ಸ್ವಲ್ಪಸ್ವಲ್ಪ ಬಾಗಿ, ನಡುಗುತ್ತ ಕಣ್ಣಿಗೆ ಬರುತ್ತದೆ. ದುರ್ಬೀನು ಪ್ರಾಣಿಯನ್ನು ಹಿಗ್ಗಿಸುವಾಗ ಆ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಗಾಜು ಎಷ್ಟೇ ದುಬಾರಿಯಾಗಲಿ, ಇದಕ್ಕೆ ಮದ್ದಿಲ್ಲ, ಏಕೆಂದರೆ ದೋಷ ಗಾಜಿನದಲ್ಲ, ನಡುವಿನ ಗಾಳಿಯದು. ಎರಿ ಮಣ್ಣು ಕಪ್ಪಾಗಿರುವುದರಿಂದ ಬೇಗ ಕಾಯುತ್ತದೆ, ಅದರ ಮೇಲಿನ ನೋಟ ಮಸಾರಿ ನೆಲಕ್ಕಿಂತ ಮೊದಲೇ ಕುದಿಯತೊಡಗುತ್ತದೆ. ಡಾಂಬರು ರಸ್ತೆಯುದ್ದಕ್ಕೂ ನೋಡಿದರಂತೂ ಹೇಳುವುದೇ ಬೇಡ.

ಲೆಕ್ಕ ಹಾಕಿ ನೋಡಿ. ಮುನ್ನೂರು ಮೀಟರ್ ದೂರದ ಚಿಂಕಾರ (ಯಡಹಳ್ಳಿಯ ಸಣ್ಣ ಚಿಗರಿ) ಎಂಟು ಪಟ್ಟಿನಲ್ಲಿ ಮೂವತ್ತೇಳು ಮೀಟರಿನಲ್ಲಿ ನಿಂತಷ್ಟು ದೊಡ್ಡದಾಗಿ ಕಾಣುತ್ತದೆ, ಹತ್ತು ಪಟ್ಟಿನಲ್ಲಿ ಮೂವತ್ತು ಮೀಟರಿನಲ್ಲಿ ನಿಂತಷ್ಟು. ಆ ಏಳು ಮೀಟರಿನ ಲಾಭ ಬೆಳಗ್ಗೆ ಏಳು ಗಂಟೆಗೆ ನಿಜವಾದ ಲಾಭ. ಹತ್ತು ಗಂಟೆಗೆ ಬಿಸಿಲ್ಗುದುರೆ ಮತ್ತು ಕೈನಡುಕ ಎರಡೂ ಸೇರಿ ಅದನ್ನು ನುಂಗಿಬಿಡುತ್ತವೆ. ನೋಟದ ಅಗಲದ ಮಾತೆತ್ತಿ 10×42 ಅನ್ನು ಬೈಯುವವರಿದ್ದಾರೆ, ಅದು ಇಲ್ಲಿ ಸಲ್ಲದು. ನಿಕಾನ್‌ನ ಈ ಸಾಲಿನಲ್ಲಿ ಹತ್ತು ಪಟ್ಟಿನದ್ದರ ನೋಟವೂ ಹೆಚ್ಚುಕಡಿಮೆ ಇಷ್ಟೇ ಅಗಲ. ನಿಜವಾದ ವ್ಯತ್ಯಾಸ ಬೆಳಕಿನದು. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿನ ಗಾಜಿನಲ್ಲಿ ಕಾಣುವ ಬೆಳಕಿನ ಬಿಲ್ಲೆಯ ಅಗಲ ಅಷ್ಟು ಮಿಲಿಮೀಟರ್. ಹತ್ತು ಪಟ್ಟಿನದ್ದರಲ್ಲಿ ಅದು 4.2, ಇಪ್ಪತ್ತು ಪಟ್ಟು 50ರದ್ದರಲ್ಲಿ ಬರೀ 2.5. ನಡುಹಗಲಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕಿರಿದಾಗುವುದರಿಂದ ಯಾವುದೂ ನಡೆದೀತು. ತೋಳ, ನರಿ ಹೊರಬೀಳುವ ಮುಸ್ಸಂಜೆಯಲ್ಲಿ ಪಾಪೆ ಹಿಗ್ಗುತ್ತದೆ, ಆಗ ದೊಡ್ಡ ಬಿಲ್ಲೆಯ ದುರ್ಬೀನಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನೋಡುವ ಬೆಳಕಿರುತ್ತದೆ. ಇನ್ನೊಂದು ಗುಣ: ಬಿಲ್ಲೆ ದೊಡ್ಡದಾದಷ್ಟೂ ಕುಲುಕುವ ಗಾಡಿಯಲ್ಲಿ ಕಣ್ಣು ಸ್ವಲ್ಪ ಆಚೀಚೆ ಸರಿದರೂ ನೋಟ ಕಪ್ಪಾಗುವುದಿಲ್ಲ.

ಜಾತ್ರೆಯಲ್ಲೂ ಆನ್‌ಲೈನಿನಲ್ಲೂ ಸಾವಿರ ರೂಪಾಯಿಗೆ ಸಿಗುವ ಕೆಂಪು ಗಾಜಿನ ‘30×60’ ದುರ್ಬೀನುಗಳ ಬಗ್ಗೆ ಒಂದೇ ಮಾತು: ಬೇಡ. ಆ ಕೆಂಪು ಲೇಪ ಕೆಂಪು ಬೆಳಕನ್ನು ಹೊರಗೇ ತಳ್ಳುವುದರಿಂದ ನೋಟಕ್ಕೆ ಹಸಿರು ಛಾಯೆ ಬರುತ್ತದೆ. ಚಿಂಕಾರದ ಇಟ್ಟಿಗೆ ಬಣ್ಣವೇ ಅದನ್ನು ಗುರುತಿಸುವ ಮೊದಲ ಆಧಾರ, ಅದನ್ನೇ ಕಳೆದುಕೊಂಡರೆ ಉಳಿಯುವುದೇನು? ಮೇಲೆ ಬರೆದ ಪಟ್ಟುಗಳೂ ಬಹುಪಾಲು ಸುಳ್ಳು.

ಪೆಟ್ಟಿಗೆ ಬಂದ ದಿನವೇ ಮೂರು ಪರೀಕ್ಷೆ ಮಾಡಿ, ಏಕೆಂದರೆ ಮರಳಿಸುವ ಅವಧಿ ಚಿಕ್ಕದು. ಮೊದಲನೆಯದು, ಮಾಳಿಗೆ ಹತ್ತಿ ದೂರದ ವಿದ್ಯುತ್ ತಂತಿ ನೋಡಿ. ಒಂದು ತಂತಿ ಎರಡಾಗಿ ಕಂಡರೆ, ಅಥವಾ ಐದು ನಿಮಿಷದಲ್ಲಿ ಹುಬ್ಬಿನ ನಡುವೆ ನೋವು ಶುರುವಾದರೆ, ಎರಡೂ ನಳಿಗೆಗಳು ಒಂದೇ ಕಡೆ ನೋಡುತ್ತಿಲ್ಲ. ಸಾಗಣೆಯಲ್ಲಿ ಬಿದ್ದರೂ ಹೀಗಾಗುತ್ತದೆ. ಮನೆಯಲ್ಲಿ ಬಿಚ್ಚಿ ಸರಿಮಾಡುವ ಕೆಲಸವಲ್ಲ, ಮರಳಿಸಿ. ಎರಡನೆಯದು, ತೋಳು ಚಾಚಿ ದುರ್ಬೀನನ್ನು ಬೆಳಕಿಗೆ ಹಿಡಿದು ಕಣ್ಣಿನ ಗಾಜಿನ ಬಿಲ್ಲೆ ನೋಡಿ. ಅದು ದುಂಡಗಿರಬೇಕು, ಅಂಚು ಚೌಕಾಕಾರ ತಿರುಗಿದ್ದರೆ ಒಳಗಿನ ಪ್ರಿಸಂ ಕಳಪೆ. ಮೂರನೆಯದು, ಫೋಕಸ್ ಚಕ್ರವನ್ನು ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ. ಎಲ್ಲೂ ಸಡಿಲ ಇರಬಾರದು, ಎಲ್ಲೂ ಹಿಡಿಯಬಾರದು.

ಇಷ್ಟಾದ ಮೇಲೆ ಕಣ್ಣಿಗೆ ಹೊಂದಿಸುವುದು. ಇದನ್ನು ಮಾಡದೆಯೇ ವರ್ಷಗಟ್ಟಲೆ ಬಳಸಿ ‘ಮಸುಕು ಕಾಣುತ್ತದೆ’ ಎನ್ನುವವರೇ ಹೆಚ್ಚು. ಎರಡು ನಳಿಗೆಗಳನ್ನು ಮಡಚಿ ಬಿಡಿಸಿ ಎರಡು ವೃತ್ತ ಸೇರಿ ಒಂದೇ ದುಂಡು ಕಾಣುವಂತೆ ಮಾಡಿಕೊಳ್ಳಿ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ಎರಡೂ ಕಣ್ಣು ತೆರೆದೇ ಇರಲಿ, ನೂರು ಮೀಟರ್ ದೂರದ ಒಂದು ಬೋರ್ಡನ್ನು ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿ. ಆಮೇಲೆ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ ಬಲಗಣ್ಣಿನ ಗಾಜಿನ ಬಳಿಯ ಉಂಗುರ ತಿರುಗಿಸಿ ಅದೇ ಬೋರ್ಡನ್ನು ಬಲಗಣ್ಣಿಗೆ ಸ್ಪಷ್ಟ ಮಾಡಿ. ಆ ಉಂಗುರ ನಿಂತ ಜಾಗಕ್ಕೆ ಬಿಳಿ ಬಣ್ಣದ ಚುಕ್ಕಿ ಇಟ್ಟುಬಿಡಿ, ಚೀಲಕ್ಕೆ ಹಾಕುವಾಗ ತೆಗೆಯುವಾಗ ಅದು ಸರಿಯುತ್ತಿರುತ್ತದೆ. ಕನ್ನಡಕದವರು ಕಣ್ಣಿನ ರಬ್ಬರ್ ಬಟ್ಟಲನ್ನು ಪೂರ್ತಿ ಒಳಗೆ ತಿರುಗಿಸಬೇಕು, ಇಲ್ಲದವರು ಪೂರ್ತಿ ಹೊರಗೆ. ಪಿ3ಯಲ್ಲಿ ಕನ್ನಡಕದವರಿಗೂ ನೋಟದ ಅಂಚು ಕಡಿಯುವುದಿಲ್ಲ. ಈ ಬೆಲೆಯಲ್ಲಿ, ಹತ್ತು ಸಾವಿರದ ಆಸುಪಾಸಿನ ವರ್ಗದಲ್ಲಿ, ಇದೇ ಅದರ ಅತಿ ದೊಡ್ಡ ಗುಣ.

ಇನ್ನು ದಾರಿ. ಮೇ ಕೊನೆಯಲ್ಲಿ ಇಲ್ಲಿ ಸೂರ್ಯ ಮೂಡುವುದು ಆರಕ್ಕೆ ಐದಾರು ನಿಮಿಷ ಇರುವಾಗ, ಮುಳುಗುವುದು ಏಳಕ್ಕೆ ಐದು ನಿಮಿಷ ಇರುವಾಗ. ಬಾಗಲಕೋಟೆಯಿಂದ ನಾಲ್ಕೂಮುಕ್ಕಾಲಿಗೆ ಹೊರಟರೆ ಬೆಳಕು ಹರಿಯುವಾಗ ಬೀಳಗಿ ದಾಟಿರುತ್ತೀರಿ. ಬೀಳಗಿ ಕಡೆಯಿಂದ ಮುಧೋಳ ಕಡೆಗೇ ಹೋಗಬೇಕು, ತಿರುಗುಮುರುಗಾಗಿ ಅಲ್ಲ. ಬೆಳಗ್ಗೆ ಪಶ್ಚಿಮಕ್ಕೆ ಹೊರಟರೆ ಸೂರ್ಯ ಬೆನ್ನಿಗಿದ್ದು ಮುಂದಿನ ಕುರುಚಲಿನ ಮೇಲೆಲ್ಲ ನೇರ ಬೆಳಕು ಬೀಳುತ್ತದೆ. ಎದುರು ಬಿಸಿಲಿಗೆ ನೋಡಿದರೆ ಎಂಥ ದುರ್ಬೀನಿನಲ್ಲೂ ಚಿಂಕಾರ ಬರೀ ಕರಿ ನೆರಳು.

ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಘೋಷಣೆಯಾದದ್ದು 2016ರಲ್ಲಿ, ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿದ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡು. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಇಲ್ಲದಿದ್ದರೆ ಊರಿಂದೂರಿಗೆ ಹೋಗುವ ರಸ್ತೆ ಬಿಟ್ಟು ಗಾಡಿ ಇಳಿಸಬೇಡಿ. ಸತ್ಯ ಹೇಳಬೇಕೆಂದರೆ ಇಳಿಸುವ ಅಗತ್ಯವೂ ಇಲ್ಲ. ಚಿಂಕಾರಕ್ಕೆ ದಟ್ಟ ಪೊದೆಗಿಂತ ಗರಸು ದಿಬ್ಬ, ಬಾರಿ ಕಂಟಿ, ಬೀಳುಹೊಲದ ಅಂಚು ಇಷ್ಟ. ಅವು ರಸ್ತೆಯಿಂದಲೇ ಕಾಣುತ್ತವೆ.

ಹುಡುಕುವ ಬಗೆ ಹೀಗೆ. ಗಂಟೆಗೆ ಇಪ್ಪತ್ತು ಕಿಲೋಮೀಟರಿನಲ್ಲಿ ಹೋಗಿ, ಎತ್ತರದ ಜಾಗ ಸಿಕ್ಕ ಕಡೆಯಲ್ಲೆಲ್ಲ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ಎಂಜಿನ್ ನಡೆಯುತ್ತಿದ್ದರೆ ಅದರ ನಡುಕ ಬಾಗಿಲಿಗೂ ಮೊಳಕೈಗೂ ಬಂದು ದುರ್ಬೀನು ಕಂಪಿಸುತ್ತದೆ. ಎ.ಸಿ. ಹಾಕಿಕೊಂಡು ಗಾಜು ಇಳಿಸಿದರೆ ಒಳಗಿನ ತಂಪು ಗಾಳಿಯೂ ಹೊರಗಿನ ಬಿಸಿ ಗಾಳಿಯೂ ಕಿಟಕಿಯಲ್ಲೇ ಬೆರೆತು, ನಾವೇ ಒಂದು ಬಿಸಿಲ್ಗುದುರೆ ಮಾಡಿಕೊಂಡಂತೆ. ಕಿಟಕಿಯ ಗಾಜಿನ ಮೂಲಕವಂತೂ ನೋಡಲೇಬೇಡಿ. ಮೊದಲು ಬರಿಗಣ್ಣಿನಿಂದ ಎಡದಿಂದ ಬಲಕ್ಕೆ ಬಯಲನ್ನು ಜಾಲಾಡಿ, ಆಮೇಲೆ ದುರ್ಬೀನಿನಿಂದ ಹತ್ತಿರದ ಪಟ್ಟಿ, ನಡುವಿನ ಪಟ್ಟಿ, ದೂರದ ಪಟ್ಟಿ ಎಂದು ಮೂರು ಸಲ ನೋಡಿ. ಒಂದು ಪಟ್ಟಿ ಮುಗಿಯುವವರೆಗೆ ಫೋಕಸ್ ಮುಟ್ಟಬೇಡಿ. ಮುನ್ನೂರು ಮೀಟರಿನಲ್ಲಿ ಈ ದುರ್ಬೀನಿನ ನೋಟ ಸುಮಾರು ಮೂವತ್ತೆಂಟು ಮೀಟರ್ ಅಗಲ. ನೋಟವನ್ನು ನಿಲ್ಲಿಸಿ, ಎರಡು ಉಸಿರಿನಷ್ಟು ಹೊತ್ತು ಕಾಯ್ದು, ಮುಂದಿನ ತುಂಡಿಗೆ ಸರಿಸಬೇಕು. ಸರಸರ ತೂಗಾಡಿಸಿದರೆ ನಿಂತ ಪ್ರಾಣಿ ಸಿಗುವುದಿಲ್ಲ. ಚಿಂಕಾರ ಮೊದಲು ಕಣ್ಣಿಗೆ ಬೀಳುವುದು ಬಾಲದಿಂದ. ಕಪ್ಪು ಬಾಲ ಗಡಿಯಾರದ ಲೋಲಕದಂತೆ ಸುಮ್ಮನಿರದೆ ಆಡುತ್ತಿರುತ್ತದೆ.

ಊರಲ್ಲಿ ಕೇಳಿದರೆ ಎಲ್ಲವನ್ನೂ ‘ಚಿಗರಿ’ ಎನ್ನುತ್ತಾರೆ. ಕೃಷ್ಣಮೃಗದ ಹೆಣ್ಣು ನೋಡಿ ಚಿಂಕಾರ ಎನ್ನುವವರೂ, ಚಿಂಕಾರ ನೋಡಿ ಜಿಂಕೆ ಮರಿ ಎನ್ನುವವರೂ ಇದ್ದಾರೆ. ಚಿಂಕಾರದ ಭುಜ ನೆಲದಿಂದ ಬರೀ ಎರಡಡಿ ಎತ್ತರ, ಸುಮಾರು 65 ಸೆಂಟಿಮೀಟರ್. ತೂಕ 23 ಕಿಲೋ ದಾಟುವುದು ಅಪರೂಪ, ಒಂದು ಆಡಿಗಿಂತ ಕಡಿಮೆ. ಗಂಡಿನ ಕೊಂಬು ಉಂಗುರ ಉಂಗುರವಾಗಿ ಬಹುತೇಕ ನೆಟ್ಟಗಿರುತ್ತದೆ, ಕೃಷ್ಣಮೃಗದ್ದರಂತೆ ತಿರುಪು ಸುತ್ತುವುದಿಲ್ಲ. ಚಿಂಕಾರದ ಹೆಣ್ಣಿಗೂ ಗೇಣುದ್ದಕ್ಕಿಂತ ಚಿಕ್ಕ, ಸಪೂರ ಕೊಂಬು ಇರುತ್ತದೆ, ಕೃಷ್ಣಮೃಗದ ಹೆಣ್ಣು ಸಾಮಾನ್ಯವಾಗಿ ಬೋಳುತಲೆಯದು. ಕಣ್ಣಿನಿಂದ ಮೂಗಿನವರೆಗೆ ಇಳಿಯುವ ಕಂದು ಗೀರು ಚಿಂಕಾರದ ಇನ್ನೊಂದು ಗುರುತು. ಆ ಸಪೂರ ಕೊಂಬು ಮತ್ತು ಗೀರು ಪಿ3ಯಲ್ಲಿ ಏಳು ಗಂಟೆಯ ಬೆಳಕಿಗೆ ಇನ್ನೂರೈವತ್ತು ಮೀಟರಿನವರೆಗೆ ಬಿಡಿಸಿ ಕಾಣುತ್ತವೆ. ಹತ್ತು ಗಂಟೆಗೆ ಅದೇ ದೂರದಲ್ಲಿ ಕೊಂಬು ಇದೆಯೋ ಇಲ್ಲವೋ ಎಂದು ಹೇಳುವುದೇ ಕಷ್ಟ.

ನೆಲಕ್ಕೆ ಮುಂಗಾಲು ಬಡಿದರೆ, ಅಥವಾ ಮೂಗಿನಿಂದ ಸೀನಿದಂತೆ ಶಬ್ದ ಮಾಡಿದರೆ, ಅದು ಹೆದರಿದೆ ಎಂದರ್ಥ. ಆಗ ಗಾಡಿ ಮುಂದೊತ್ತಬೇಡಿ, ಬಾಗಿಲು ತೆರೆಯಬೇಡಿ. ಮೇ ತಿಂಗಳ ಬಿಸಿಲಲ್ಲಿ ಒಂದು ಕಿಲೋಮೀಟರ್ ಓಡಿಸಿದರೆ ಅದು ಕಳೆದುಕೊಳ್ಳುವ ನೀರು ತಿರುಗಿ ಸಿಗುವುದು ಸುಲಭವಲ್ಲ. ಎಲೆಯ ತೇವ, ಇಬ್ಬನಿಯಲ್ಲೇ ದಿನಗಟ್ಟಲೆ ತಳ್ಳುವ ಪ್ರಾಣಿ ಅದು. ಗಾಡಿಯಿಂದ ಅಟ್ಟುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ ಎಂಬುದು ಬೇರೆ ಮಾತು. ಕಾಯ್ದೆ ಇಲ್ಲದಿದ್ದರೂ ಅದನ್ನು ಮಾಡಬಾರದು.

ಕೈ ಊರಲು ಒಂದು ಚೀಲ ಬೇಕು. ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಮೊಣಕಾಲಿನಿಂದ ಕೆಳಗೆ ಕತ್ತರಿಸಿ, ಒಂದು ಬಾಯಿ ಹೊಲಿದು, ಎರಡು ಕಿಲೋ ಬಿಳಿಜೋಳ ತುಂಬಿ, ಇನ್ನೊಂದು ಬಾಯಿಗೆ ಗಟ್ಟಿ ದಾರ ಕಟ್ಟಿ. ಪೂರ್ತಿ ಬಿರಿಯುವಂತೆ ತುಂಬಬಾರದು, ಮುಕ್ಕಾಲು ತುಂಬಿದರೆ ಕಿಟಕಿಯ ಅಂಚಿನ ಮೇಲೆ ಎರಡೂ ಕಡೆ ಇಳಿಬಿದ್ದು ಕೂರುತ್ತದೆ. ಹೊಟ್ಟು, ಹತ್ತಿ ಹಗುರ, ಅವು ಕೆಲಸಕ್ಕೆ ಬಾರವು. ಮರಳು ಸೋರಿ ಗಾಜಿಗೆ ಸೇರುತ್ತದೆ, ಅದೂ ಬೇಡ. ನಾಲ್ಕು ಒಣಗಿದ ಬೇವಿನ ಎಲೆ ಹಾಕಿಟ್ಟರೆ ಹುಳ ಹಿಡಿಯುವುದಿಲ್ಲ. ಈ ಚೀಲದ ಮೇಲೆ ಊರಿದ ಎಂಟು ಪಟ್ಟಿನ ದುರ್ಬೀನು ಬರಿಗೈಯಲ್ಲಿ ಹಿಡಿದ ಹತ್ತು ಪಟ್ಟಿನದ್ದಕ್ಕಿಂತ ಹೆಚ್ಚು ವಿವರ ತೋರಿಸುತ್ತದೆ. ಖರ್ಚು ಎರಡು ಕಿಲೋ ಜೋಳ.

ಎಂಟರಿಂದ ಹತ್ತರವರೆಗೆ ನೀರಿನ ಗುಂಡಿಗಳ ಹೊತ್ತು. ಹಳ್ಳದಲ್ಲೋ ಕೃಷಿ ಹೊಂಡದಲ್ಲೋ ನೀರಿದ್ದರೆ ಅರವತ್ತು ಎಪ್ಪತ್ತು ಮೀಟರ್ ದೂರ ಗಾಡಿ ನಿಲ್ಲಿಸಿ ಅಲುಗಾಡದೆ ಕೂತುಬಿಡಿ. ಸ್ಯಾಂಡ್‌ಗ್ರೌಸ್ ಹಕ್ಕಿಗಳು ಗುಂಪಾಗಿ, ಕೂಗುತ್ತ ಬಂದು, ಅರೆ ನಿಮಿಷ ಕುಡಿದು ಹಾರುತ್ತವೆ. ಗೌಜಲಕ್ಕಿ, ನವಿಲು, ಗೊರವಂಕ ಸಾಲಾಗಿ ಬರುತ್ತವೆ. ನೆಲದ ಬಣ್ಣದ್ದೇ ಆದ ಸಣ್ಣ ಹಕ್ಕಿಗಳಿಗೆ ಹತ್ತು ಮೀಟರಿನಿಂದ ಅರವತ್ತಕ್ಕೆ ಫೋಕಸ್ ಬದಲಿಸುತ್ತಿರಬೇಕಾಗುತ್ತದೆ, ಚಕ್ರ ನಯವಾಗಿದ್ದರಿಂದ ಒಂದೇ ಬೆರಳಿಗೆ ಆಗುತ್ತದೆ. ತೊಂದರೆ ಆಗುವುದು ಹಾವುಗಿಡುಗ ತಲೆಯ ಮೇಲೆ ಬಂದಾಗ. ಬಿಳಿ ಆಕಾಶಕ್ಕೆ ಕಪ್ಪಗೆ ಕಾಣುವ ರೆಕ್ಕೆಯ ಅಂಚಿಗೆ ನೇರಳೆ ಗೆರೆ ಬರುತ್ತದೆ. ಈ ದುರ್ಬೀನಿನಲ್ಲಿ ಇ.ಡಿ. ಗಾಜು (ಬಣ್ಣ ಚದುರುವುದನ್ನು ತಗ್ಗಿಸುವ ವಿಶೇಷ ಗಾಜು) ಇಲ್ಲ, ಬಣ್ಣ ಒಡೆಯುವುದನ್ನು ಪೂರ್ತಿ ತಡೆಯಲಾಗದು. ನೋಟದ ನಡುವಲ್ಲಿ ಕಡಿಮೆ, ಅಂಚಿಗೆ ಹೋದಷ್ಟೂ ಹೆಚ್ಚು. ಅಂಚಿನಲ್ಲಿ ಮಸುಕೂ ಇದೆ. ಮತ್ತೊಂದು ಕೊರತೆ, ನೋಟ ಒಟ್ಟಾರೆ ಸ್ವಲ್ಪ ಇಕ್ಕಟ್ಟು, ಕೊಳವೆಯಿಂದ ನೋಡಿದಂತೆ ಅನ್ನಿಸುತ್ತದೆ. ವಿಶಾಲ ನೋಟದ ದುರ್ಬೀನು ಬಳಸಿದವರಿಗೆ ಇದು ಮೊದಲ ದಿನವೇ ಗೊತ್ತಾಗುತ್ತದೆ.

ತೋಳದ ಬಗ್ಗೆ ಒಂದು ಎಚ್ಚರಿಕೆ. ಯಡಹಳ್ಳಿ ಸೀಮೆಯಲ್ಲಿ ತೋಳ, ಕತ್ತೆಕಿರುಬ, ನರಿ, ಗುಳ್ಳೆನರಿ ಎಲ್ಲವೂ ಇವೆ. ಆದರೆ ಇದು ಮುಧೋಳ ನಾಯಿಯ ನಾಡು ಕೂಡ. ಕುರಿಹಿಂಡಿನ ಹಿಂದೆ ಸಪೂರ ಹೊಟ್ಟೆಯ, ಉದ್ದ ಕಾಲಿನ ಪ್ರಾಣಿ ಬಿಸಿಲ್ಗುದುರೆಯಲ್ಲಿ ತೇಲುತ್ತ ಹೋದರೆ ‘ತೋಳ’ ಎಂದು ಕೂಗುವ ಮುನ್ನ ಬಾಲ ನೋಡಿ. ತೋಳದ ಬಾಲ ಪೊದೆಯಂತಿದ್ದು ಕೆಳಗೆ ಇಳಿಬಿದ್ದಿರುತ್ತದೆ, ತಲೆ ಭುಜದ ಮಟ್ಟಕ್ಕೇ ಇರುತ್ತದೆ, ಆಚೀಚೆ ಮೂಸದೆ ಒಂದೇ ಗೆರೆಯಲ್ಲಿ ಓಡುತ್ತದೆ. ಮುಧೋಳ ನಾಯಿಯ ಬಾಲ ಚಾಟಿಯಂತೆ ಸಪೂರ, ತುದಿ ಮೇಲಕ್ಕೆ ಬಾಗಿರುತ್ತದೆ, ಕಿವಿ ಜೋತಿರುತ್ತದೆ. ನಿಜವಾಗಿ ತೋಳ ಕಂಡರೆ, ಮರಿಗಳ ಗವಿ ಕಂಡರೆ, ಆ ಜಾಗದ ಗುರುತು ಫೋನಿನಲ್ಲಿ ಯಾರಿಗೂ ಕಳಿಸಬೇಡಿ. ಕುರಿ ಕಳೆದುಕೊಂಡವರ ಸಿಟ್ಟು ದೊಡ್ಡದು, ಗವಿಗೆ ಹೊಗೆ ಹಾಕಲು ಒಂದು ಸಂದೇಶ ಸಾಕು.

ಹೊಲದ ಬದಿಯಲ್ಲಿ ದುರ್ಬೀನು ಹಿಡಿದು ನಿಂತರೆ ‘ಏನ್ರಿ, ಸರ್ವೆ ಮಾಡಾಕ ಬಂದೀರೇನ್ರಿ?’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಆಲಮಟ್ಟಿ ಹಿನ್ನೀರಿಗೆ ಊರು, ಹೊಲ ಕಳೆದುಕೊಂಡ ಜಿಲ್ಲೆ ಇದು, ಆ ಪ್ರಶ್ನೆಯ ಹಿಂದೆ ಅಂಜಿಕೆ ಇದೆ. ‘ಇಲ್ರಿ ಯಜಮಾನ್ರ, ಚಿಗರಿ ನೋಡಾಕ ಬಂದೀವ್ರಿ’ ಎಂದು ಹೇಳಿ ದುರ್ಬೀನನ್ನು ಅವರ ಕೈಗೇ ಕೊಡಿ. ಎಲ್ಲಿ ನೀರಿದೆ, ಯಾವ ದಿಬ್ಬದ ಮೇಲೆ ಬೆಳಗ್ಗೆ ಕಂಡಿತ್ತು ಎಂಬುದನ್ನು ಅವರಷ್ಟು ಸರಿಯಾಗಿ ಹೇಳುವವರು ಬೇರೆ ಇಲ್ಲ.

ಹನ್ನೊಂದರಿಂದ ನಾಲ್ಕರವರೆಗೆ ನೋಡುವುದು ದಂಡ. ಮುಧೋಳದಲ್ಲಿ ನೆರಳು ಹಿಡಿಯಿರಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ತಲೆಗೆ ನಾಲ್ಕು ಲೀಟರ್ ನೀರು, ಮಜ್ಜಿಗೆ ಜೊತೆಗಿರಲಿ. ದುರ್ಬೀನನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡಿ. ಮುಚ್ಚಿದ ಗಾಡಿಯ ಬಿಸಿಗೆ ಒಳಗಿನ ಎಣ್ಣೆ ತೆಳುವಾಗುತ್ತದೆ, ಅಂಟು ಸಡಿಲಾಗಿ ರಬ್ಬರ್ ಹೊದಿಕೆ ಎದ್ದುಬರುತ್ತದೆ. ಒದ್ದೆ ಟವೆಲಿನಲ್ಲೂ ಸುತ್ತಬೇಡಿ. ಬಟ್ಟೆ ಚೀಲದಲ್ಲಿ ಹಾಕಿ ಸೀಟಿನ ಕೆಳಗಿಟ್ಟರೆ ಸಾಕು.

ನಾಲ್ಕರ ನಂತರ ಲೋಕಾಪುರ, ಕಲಾದಗಿ ಮೇಲೆ ಗದ್ದನಕೇರಿ ಕ್ರಾಸಿಗೆ ಬಂದು, ಅನಗವಾಡಿಯಲ್ಲಿ ಘಟಪ್ರಭೆಯ ಹಿನ್ನೀರು ಹಿಡಿಯಿರಿ. ಸೇತುವೆಯ ಮೇಲೆ ಗಾಡಿ ನಿಲ್ಲಿಸಬಾರದು, ಲಾರಿಗಳ ಓಟ ಜೋರು. ದಂಡೆಗೆ ಇಳಿಯುವ ಊರದಾರಿ ಹಿಡಿದು, ಸೂರ್ಯ ಬೆನ್ನಿಗಿರುವಂತೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಆಲಮಟ್ಟಿಯ ನೀರು ಈ ಹೊತ್ತಿಗೆ ತಳ ಹಿಡಿದು ಕೆಸರುಬಯಲು ತೆರೆದಿರುತ್ತದೆ. ಚಳಿಗಾಲದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದಾಚೆ ಹೋಗಿಯಾಗಿರುತ್ತವೆ. ರೀವಗಳು, ಮೆಟ್ಟುಗಾಲು ಹಕ್ಕಿಗಳು, ಚಮಚಕೊಕ್ಕುಗಳು, ಬಣ್ಣದ ಕೊಕ್ಕರೆಗಳು ಇರುತ್ತವೆ. ಕೆಲವು ವರ್ಷ ರಾಜಹಂಸಗಳೂ ಬೇಸಿಗೆಯುದ್ದಕ್ಕೂ ಉಳಿಯುತ್ತವೆ. ಬಿರುಕು ಬಿಟ್ಟ ಕೆಸರಿನ ಮೇಲೆ ನಡೆಯಬೇಡಿ. ಮೇಲೆ ಒಣ ಹೆಪ್ಪು, ಕೆಳಗೆ ಮೊಳಕಾಲುದ್ದದ ರಾಡಿ ಇರುತ್ತದೆ.

ಇಲ್ಲಿ ಎಂಟು ಪಟ್ಟು ಸೋಲುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನೀರಿನಂಚು ಆರುನೂರು ಎಂಟುನೂರು ಮೀಟರ್ ದೂರ ಸರಿದಿರುತ್ತದೆ. ಗುಲಾಬಿ ಬಿಳಿ ಸಾಲು ಕಾಣುತ್ತದೆ, ರಾಜಹಂಸವೋ ಬಣ್ಣದ ಕೊಕ್ಕರೆಯೋ ಎಂದು ಕೊಕ್ಕಿನ ಬಾಗು ನೋಡಿ ಹೇಳಲು ಮುನ್ನೂರು ನಾನೂರು ಮೀಟರಿನೊಳಗೆ ಇರಬೇಕು. ನೀವು ಹಿನ್ನೀರಿಗೇ ಹೆಚ್ಚು ಹೋಗುವವರಾದರೆ, ಕನ್ನಡಕ ಇಲ್ಲದಿದ್ದರೆ, ಜೋಳದ ಚೀಲ ಊರಿ ನೋಡುವ ರೂಢಿ ಇದ್ದರೆ 10×42 ಕೊಳ್ಳಿ. ನಿಜವಾದ ಪರಿಹಾರ ಮೂರುಕಾಲಿನ ಮೇಲೆ ನಿಲ್ಲಿಸುವ 20ರಿಂದ 60 ಪಟ್ಟಿನ ಒಂಟಿನಳಿಗೆಯ ದೂರದರ್ಶಕ, ಅದೂ ಸಂಜೆ ಐದೂವರೆಯ ನಂತರ, ನೆಲ ಆರಲು ಶುರುವಾದ ಮೇಲೆ.

ಹಣ ಕಡಿಮೆ ಇದ್ದರೆ ಒಲಿಂಪಸ್ 8×40 ಡಿ.ಪಿ.ಎಸ್. 1 ನೋಡಬಹುದು. ಅದರ ನೋಟ 8.2 ಡಿಗ್ರಿ, ಕಿಲೋಮೀಟರಿಗೆ 143 ಮೀಟರ್, ಪಿ3ಗಿಂತ ಎದ್ದು ಕಾಣುವಷ್ಟು ವಿಶಾಲ. ಹಳೆಯ ಮಾದರಿಯ ಅಂಕುಡೊಂಕು ನಳಿಗೆಯ ಕಟ್ಟಣೆ, ದೂರ ಹತ್ತಿರದ ಅಂದಾಜು ಇದರಲ್ಲಿ ಚೆನ್ನಾಗಿ ಸಿಗುತ್ತದೆ. ಆದರೆ 710 ಗ್ರಾಂ ತೂಕ, ಕಣ್ಣಿನ ಅಂತರ 12 ಮಿಲಿಮೀಟರ್ ಮಾತ್ರ, ಕನ್ನಡಕದವರಿಗೆ ನೋಟದ ಅಂಚು ಸಿಗುವುದೇ ಇಲ್ಲ. ನೀರುತಡೆ ಇಲ್ಲ. ಫೋಕಸ್ ಮಾಡಿದಾಗ ಕಣ್ಣಿನ ಗಾಜಿನ ಜೋಡಿಯೇ ಹಿಂದೆ ಮುಂದೆ ಸರಿಯುವುದರಿಂದ ಪ್ರತಿ ಸಲವೂ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ, ಗಾಳಿಯ ಜೊತೆಗೆ ನಮ್ಮ ಧೂಳನ್ನೂ. ಬರೀ ಡಾಂಬರು ರಸ್ತೆಯಲ್ಲಿ ತಿರುಗುವ, ಕನ್ನಡಕ ಇಲ್ಲದವರಿಗೆ ಅದು ಒಳ್ಳೆಯ ಆಯ್ಕೆ.

ಮೇ ಕೊನೆಯ ಸಂಜೆಗಳಲ್ಲಿ ಅಡ್ಡಮಳೆಯ ಮೋಡ ನೋಡಿಕೊಂಡಿರಬೇಕು. ದೂರದಲ್ಲಿ ಧೂಳು ಎದ್ದರೆ ಎರಿ ಹೊಲದ ಬಂಡಿದಾರಿಯಿಂದ ಕೂಡಲೇ ಡಾಂಬರಿಗೆ ಬನ್ನಿ. ಹತ್ತು ನಿಮಿಷದ ಮಳೆಗೆ ಎರಿ ಮಣ್ಣು ಚಕ್ರಕ್ಕೆ ಅಂಟಿ, ಮಡ್‌ಗಾರ್ಡ್ ತುಂಬಿ, ಗಾಲಿ ತಿರುಗದಂತೆ ಮಾಡುತ್ತದೆ. ಗರಸು ದಾರಿಯಾದರೆ ಭಯವಿಲ್ಲ. ಗಾಡಿ ಸಿಕ್ಕಿದರೆ ಗಾಲಿ ತಿರುಗಿಸುತ್ತ ಇನ್ನೂ ಆಳಕ್ಕೆ ಇಳಿಸಬೇಡಿ, ಹತ್ತಿರದ ಊರಿನ ಟ್ರ್ಯಾಕ್ಟರ್ ಕೇಳಿ.

ಮನೆಗೆ ಬಂದ ಮೇಲೆ ಸ್ವಚ್ಛ ಮಾಡುವ ಕ್ರಮ ತಪ್ಪಬಾರದು. ಕಲಾದಗಿ ಸೀಮೆಯ ಬೆಟ್ಟಗಳು ಮರಳುಗಲ್ಲಿನವು, ಅವುಗಳ ಧೂಳಿನಲ್ಲಿ ಬೆಣಚಿನ ಕಣಗಳಿವೆ. ಬೆಣಚು ಗಾಜಿಗಿಂತ ಗಟ್ಟಿ. ಅಂಗಿಯ ಚುಂಗಿನಿಂದ ಒಂದು ಸಲ ಒರೆಸಿದರೂ ಲೇಪದ ಮೇಲೆ ಗೀರು ಬೀಳುತ್ತದೆ, ಆ ಗೀರುಗಳೇ ಎರಡು ವರ್ಷಕ್ಕೆ ಎದುರು ಬೆಳಕಿನಲ್ಲಿ ಮಂಜಾಗಿ ಕಾಣುತ್ತವೆ. ಮೊದಲು ಗಾಜನ್ನು ಕೆಳಮುಖ ಮಾಡಿ ರಬ್ಬರ್ ಬುರುಡೆಯಿಂದ ಗಾಳಿ ಊದಿ. ಬಾಯಿಂದ ಊದಬೇಡಿ, ಉಗುಳು ಹನಿ ಬೀಳುತ್ತದೆ. ಆಮೇಲೆ ಮೆತ್ತನೆಯ ಕುಂಚದಿಂದ ಅಂಚಿನ ಸಂದಿ ಬಿಡಿಸಿ. ಬೆವರಿನ ಕಲೆ ಇದ್ದರೆ ಮಾತ್ರ ಲೆನ್ಸ್ ಬಟ್ಟೆಗೆ ಎರಡು ಹನಿ ಲೆನ್ಸ್ ದ್ರವ ಹಾಕಿ, ನಡುವಿನಿಂದ ಹೊರಕ್ಕೆ ಸುತ್ತುತ್ತ ಒರೆಸಿ. ದ್ರವವನ್ನು ನೇರವಾಗಿ ಗಾಜಿನ ಮೇಲೆ ಹಾಕಬಾರದು. ಕಣ್ಣಿನ ರಬ್ಬರ್ ಬಟ್ಟಲಿನ ಒಳಗಿನ ಉಪ್ಪನ್ನು ಒದ್ದೆ ಬಟ್ಟೆಯಲ್ಲಿ ತೆಗೆದು, ಬಟ್ಟಲು ಹೊರಗೆ ತಿರುಗಿಸಿಯೇ ಒಂದು ರಾತ್ರಿ ಆರಲು ಬಿಡಿ. ಮಿರಗ ಕೂಡಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡಿ. ಇಲ್ಲದಿದ್ದರೆ ಶ್ರಾವಣ ಬರುವಷ್ಟರಲ್ಲಿ ಗಾಜಿನಂಚಿಗೆ ಬೂಸು ಹಿಡಿಯುತ್ತದೆ.